ಎರವಲು ಹೆಜ್ಜೆ

ಗದಗಿನ ಫಕೀರಪ್ಪ ಪೈಲ್ವಾನನ ಕಾಲಿಗೆ ಜಾಲಿಮುಳ್ಳು ಚುಚ್ಚಿದಾಗ ಕೂಗಿಕೊಂಡವಳು ಅವನ ಹೆಂಡತಿ ಕಸ್ತೂರೆವ್ವ. ಅವನು ಗರಡಿಮನೆಯ ಹಿಂದಿನ ಬಯಲಿನಲ್ಲಿದ್ದ. ಅವಳು ಎರಡು ಓಣಿ ಆಚೆ, ಮನೆಯಲ್ಲಿ, ಒಲೆಯ ಮೇಲಿಂದ ಚಹಾದ ಪಾತ್ರೆ ಇಳಿಸುತ್ತಿದ್ದಳು. ಮುಳ್ಳು ಹೊಕ್ಕಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅವಳಿಗೆ ಮಾತ್ರ ಬಲಗಾಲಿನ ಹಿಮ್ಮಡಿಗೆ ಕಾದ ಸೂಜಿ ಇಳಿದಂತಾಗಿ, ಕೈ ಸಡಿಲಿ, ಕುದಿಯುವ ಚಹಾ ಮುಂಗೈ ಮೇಲೆ ಚೆಲ್ಲಿತು.

ಜೋಡಿಕಾಲು ಎಂಬ ಸಾಧನ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಸಕ್ಕರೆ ಕಾಯಿಲೆ ಹಳತಾದವರ ಪಾದದಲ್ಲಿ ನರಗಳು ಒಂದೊಂದಾಗಿ ಸಾಯುತ್ತವೆ. ಮೊಳೆ ತುಳಿದರೂ ಕೆಂಡ ತುಳಿದರೂ ತಿಳಿಯುವುದಿಲ್ಲ. ತಿಳಿಯದ ಗಾಯ ಕೊಳೆಯುತ್ತದೆ, ಬೆರಳು ಹೋಗುತ್ತದೆ, ಆಮೇಲೆ ಕಾಲೇ ಹೋಗುತ್ತದೆ. ಇದಕ್ಕೆಂದು ಧಾರವಾಡದ ನರಸ್ಪರ್ಶ ಸಂಶೋಧನಾ ಕೇಂದ್ರದವರು ಒಂದು ತೆಳ್ಳನೆಯ ಕಾಲುಚೀಲ ನೇಯ್ದರು. ಅದರ ಎಳೆಗಳು ಪಾದದ ಬಿಸಿ, ತೇವ, ಒತ್ತಡ ಎಲ್ಲವನ್ನೂ ಅಳೆದು, ಆ ಸುದ್ದಿಯನ್ನು ಇನ್ನೊಬ್ಬರ ಮೀನಖಂಡಕ್ಕೆ ಕಟ್ಟಿದ ಪಟ್ಟಿಗೆ ಕಳಿಸುತ್ತಿದ್ದವು. ಪಟ್ಟಿ ಅಲ್ಲಿನ ನರವನ್ನು ಮಿಡಿಯುತ್ತಿತ್ತು. ಕಟ್ಟಿಕೊಂಡವರಿಗೆ ಅದು ತಮ್ಮದೇ ಪಾದದ ನೋವಾಗಿ ತಿಳಿಯುತ್ತಿತ್ತು. ನೋವಷ್ಟೇ ಅಲ್ಲ, ಹೆಜ್ಜೆ ಇಟ್ಟದ್ದು, ನಿಂತದ್ದು, ನೆಲ ತಣ್ಣಗಿದ್ದದ್ದು ಸಹ.

ಮೊದಮೊದಲು ಪಟ್ಟಿಯನ್ನು ರೋಗಿಯ ತೋಳಿಗೇ ಕಟ್ಟಿ ನೋಡಿದ್ದರಂತೆ. ಜನ ಬಿಚ್ಚಿ ಗೂಟಕ್ಕೆ ನೇತುಹಾಕಿದರು.

“ತಮ್ಮ ನೋವು ನುಂಗೋದು ನಮ್ಮ ಮಂದಿಗೆ ರೂಢಿ ಐತ್ರಿ,” ಎಂದು ಆ ಯೋಜನೆ ನಡೆಸುತ್ತಿದ್ದ ಡಾಕ್ಟರ್ ಸುಮಿತ್ರಾ ಹೊಸಕೇರಿ ಮೊದಲ ಭೇಟಿಯಲ್ಲಿ ಹೇಳಿದ್ದರು. “ಆದ್ರ ಮನಿಯವರು ನರಳೋದನ್ನ ನೋಡ್ಕೋತ ಸುಮ್ಮನ ಕೂಡೋರು ಕಡಿಮಿ. ಅದಕ್ಕ ಪಟ್ಟಿ ಮನಿಯವರಿಗೆ.”

ಅವರು ಗಂಡಹೆಂಡತಿಯನ್ನು ಒಂದು ದೊಡ್ಡ ಕೋಣೆಗೆ ಕರೆದೊಯ್ದಿದ್ದರು. ಅಲ್ಲಿ ಗೋಡೆಯ ತುಂಬ ಅಂಗಾಲುಗಳು ಹೊಳೆಯುತ್ತಿದ್ದವು. ನೆಟ್ಟಗಿರುವವು ಹಸಿರು, ಅನುಮಾನದವು ಹಳದಿ, ಗಾಯವಾದವು ಕೆಂಪು. ಇದು ಹಾವೇರಿಯ ಮಾಸ್ತರರದು, ಅದು ಬೆಟಗೇರಿಯ ನೇಕಾರ ಹೆಣ್ಣುಮಗಳದು ಎಂದು ಸುಮಿತ್ರಾ ತೋರಿಸುತ್ತ ಹೋದಂತೆ ಫಕೀರಪ್ಪನಿಗೆ ಮೈ ಮುದುಡಿತು. ನಾಳೆಯಿಂದ ತನ್ನ ಕಾಲೂ ಹೀಗೆ ಗೋಡೆಗೆ ಹತ್ತಿ, ಬಂದವರೆಲ್ಲ ನೋಡುವ ವಸ್ತುವಾಗುತ್ತದೆ.

ಅವನಿಗೆ ಈ ಕಾಯಿಲೆಯೇ ಒಂದು ಅಪಮಾನ. ಸಕ್ಕರಿ ಬ್ಯಾನಿ ಕುಂತು ಉಣ್ಣುವ ಸಾವಕಾರರಿಗೆ ಬರುವಂಥದ್ದು, ಸಾವಿರಾರು ಬಸ್ಕಿ ಹೊಡೆದ ಮೈಗಲ್ಲ ಎಂದು ಅವನು ನಂಬಿದ್ದ. ಬಂದಿದೆ ಎಂದರೆ ತಾನೆಲ್ಲೋ ಗಂಡಸುತನಕ್ಕೆ ಎರವಾದೆ ಎಂದೇ ಅರ್ಥ. ಗರಡಿಯಲ್ಲಿ ಕುಸ್ತಿ ಕಲಿಯಲು ಬರುವ ಹುಡುಗರಿಗೆ ಇದು ಗೊತ್ತಿರಲಿಲ್ಲ. ಗುಳಿಗೆಗಳನ್ನು ಅವನು ಅಡಿಕೆ ಚೀಲದಲ್ಲಿಟ್ಟುಕೊಂಡು ನುಂಗುತ್ತಿದ್ದ. ನೋವಿದ್ದರೆ ಬ್ಯಾನಿ, ನೋವಿಲ್ಲದಿದ್ದರೆ ಎಂಥ ಬ್ಯಾನಿ ಎನ್ನುವುದು ಅವನ ಲೆಕ್ಕ. ಇನ್ನು ಡಾಕ್ಟರರ ಕೈಗೆ ಕಾಲು ಕೊಟ್ಟರೆ ಮುಗಿಯಿತು. ಅವನ ಸೋದರಮಾವನದು ಮೊದಲು ಬೆರಳು ಕಡಿದರು, ಆಮೇಲೆ ಪಾದ, ಆಮೇಲೆ ಮೊಣಕಾಲತನಕ. ಕಡಿದದ್ದರಿಂದಲೇ ಮೇಲೇರಿತು ಎಂದು ಫಕೀರಪ್ಪ ತಿಳಿದಿದ್ದ. ಅವನ ಔಷಧವೆಂದರೆ ಗರಡಿಯ ಕೆಮ್ಮಣ್ಣು. ಅರಿಶಿನ, ಮಜ್ಜಿಗೆ, ಎಣ್ಣೆ, ಬೇವು ಕುಡಿದು ತಲೆಮಾರುಗಳಿಂದ ಹದಗೊಂಡ ಮಣ್ಣು. ಉಳುಕಿಗೆ ಅದೇ, ತರಚಿದ್ದಕ್ಕೆ ಅದೇ.

ಕಾಲುಚೀಲಕ್ಕೆ ಅವನು ಒಪ್ಪಿದ್ದು ಕಸ್ತೂರೆವ್ವ ಹಟ ಹಿಡಿದು ಊಟ ಬಿಟ್ಟಿದ್ದರಿಂದ. ಹೊರಗೆ ಹೋಗುವಾಗ ಕಾಲುಚೀಲ, ಅದರ ಮೇಲೆ ಮೆತ್ತನೆಯ ಮೆಟ್ಟು. ಮನೆಗೆ ಬಂದ ಮೇಲೆ ಬಿಚ್ಚಿ, ಅಂಗಾಲನ್ನು ಹೆಂಡತಿಗೆ ತೋರಿಸಬೇಕು ಎಂಬುದು ನೇಮ. ಗರಡಿಯಲ್ಲಿ ಮೆಟ್ಟು ಹಾಕುವುದುಂಟೇ? ಬರೀ ಕಾಲುಚೀಲದಲ್ಲಿ ಓಡಾಡಿದ. ಮೂರನೆಯ ವಾರವೇ ಜಾಲಿಮುಳ್ಳು.

ಮನೆಗೆ ಬಂದು ಹೆಂಡತಿಯ ಬೊಬ್ಬೆಯೆದ್ದ ಕೈ ನೋಡಿ ಅವನು ಬಾಗಿಲಲ್ಲೇ ನಿಂತುಬಿಟ್ಟ.

“ಮುಳ್ಳು ತೆಗಿಸಿಕೊಂಡ್ರಿಲ್ಲೋ?” ಎಂದು ಅವಳೇ ಕೇಳಿದಳು. “ಇನ್ನೂ ಚುಚ್ಚಾಕತ್ತೈತಿ ನನಗ.”

ಅವನು ಕುಳಿತು ಅಂಗಾಲು ತಿರುಗಿಸಿ ನೋಡಿದ. ಮುಳ್ಳು ಬುಡದವರೆಗೂ ಹೊಕ್ಕಿತ್ತು. ಕಿತ್ತೆಸೆದ ಕೂಡಲೇ ಕಸ್ತೂರೆವ್ವ ನಿಟ್ಟುಸಿರುಬಿಟ್ಟು ಗೋಡೆಗೆ ಒರಗಿದಳು. ಕುಸ್ತಿಯ ಕಣದಲ್ಲಿ ಬೆನ್ನು ಮಣ್ಣಿಗೆ ಹತ್ತಿದ ದಿನಗಳಲ್ಲೂ ಫಕೀರಪ್ಪನಿಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಮರುದಿನ ಅವನು ಗರಡಿಯ ಪಕ್ಕದಲ್ಲಿ ಸೋಡಾ ಅಂಗಡಿ ಇಟ್ಟಿದ್ದ ದಸ್ತಗೀರನ ಬಳಿ ಹೋದ. ಇಬ್ಬರೂ ಒಂದೇ ಉಸ್ತಾದನ ಕೈಯಲ್ಲಿ ಪಳಗಿದವರು, ಹೆಚ್ಚುಕಡಿಮೆ ಒಂದೇ ಮೈಕಟ್ಟು, ಒಂದೇ ಅಳತೆಯ ಪಾದ.

“ಇದನ್ನ ಹಾಕ್ಕೋ. ಸಂಜಿಗೆ ಬಿಚ್ಚಿಕೊಡು,” ಎಂದು ಕಾಲುಚೀಲ ಮುಂದಿಟ್ಟ.

ದಸ್ತಗೀರ ವಿಷಯ ಕೇಳಿ ತಲೆ ಕೊಡವಿದ. “ಬ್ಯಾಡೋ ಫಕೀರಾ. ವೈನಿ ನನ್ನನ್ನ ತಮ್ಮಾ ಅಂತ ಕರೀತಾರ. ಇದು ಸರಿ ಅಲ್ಲ.”

“ಆಕಿ ಕೈ ಸುಟ್ಟೈತಿ, ನೋಡಿ ಬಾ ಹೋಗು. ನನ್ನ ಸಲುವಾಗಿ ಆಕಿ ನರಳಬೇಕನು?”

ಹೆಂಡತಿಗೆ ನೋವಾಗಬಾರದು ಎಂಬುದು ನಿಜವೇ. ಆದರೆ ಅರ್ಧ ನಿಜ. ಗೋಡೆಯ ಮೇಲೆ ತನ್ನ ಕಾಲು ಕೆಂಪಗೆ ಉರಿಯಬಾರದು, ಗರಡಿ ಹುಡುಗರ ಎದುರು ಬರಿಗಾಲಲ್ಲಿ ಹಳೆಯ ಉಸ್ತಾದನಾಗಿಯೇ ನಿಲ್ಲಬೇಕು ಎಂಬ ಇನ್ನರ್ಧವನ್ನು ಅವನು ಗೆಳೆಯನಿಗೂ ಹೇಳಲಿಲ್ಲ. ಗೆಳೆಯ ಗೊಣಗುತ್ತಲೇ ಕಾಲುಚೀಲ ಏರಿಸಿದ.

ಅಂದಿನಿಂದ ಕಸ್ತೂರೆವ್ವನ ಮುಖದ ಕಳೆಯೇ ಬದಲಾಯಿತು. ಅವಳು ರೊಟ್ಟಿ ಬಡಿಯುತ್ತಿದ್ದರೆ ಕಾಲಲ್ಲಿ ಇನ್ನೊಂದು ನಡಿಗೆ ನಡೆಯುತ್ತಿತ್ತು. ನಿಧಾನದ, ಗಟ್ಟಿ ಹೆಜ್ಜೆ. ನಲವತ್ತು ವರ್ಷ ಗರಡಿಯ ಹೊಸ್ತಿಲು ದಾಟಲಾಗದ ಹೆಂಗಸಿಗೆ ಗಂಡನ ಜತೆ ದಿನವಿಡೀ ತಿರುಗಾಡಿ ಬಂದಂತಾಗುತ್ತಿತ್ತು.

“ಇವತ್ತ ಭಾಳ ಹೊತ್ತು ನೀರಾಗ ನಿಂತಿದ್ರಿ ನೋಡ್ರಿ,” ಎನ್ನುವಳು. ಅಂದು ದಸ್ತಗೀರ ಸೋಡಾ ಬಾಟಲಿ ತೊಳೆದ ಜಾಗ ಸಾರಿಸಿದ್ದ.

“ಹ್ಞೂಂ, ಗರಡಿ ತೊಳದ್ವಿ,” ಎನ್ನುವನು ಫಕೀರಪ್ಪ.

“ನಿಮ್ಮ ಕಾಲು ಮೊದಲಿಗಿಂತ ಹಗುರ ಆಗ್ಯಾವ. ನನಗ ಗೊತ್ತಾಗ್ತೈತಿ.” ಹೀಗೆ ಹೇಳುವಾಗ ಆ ವಯಸ್ಸಿನಲ್ಲೂ ಅವಳ ದನಿಯಲ್ಲಿ ಒಂದು ಬಗೆಯ ಸಂಕೋಚ, ಒಂದು ಬಗೆಯ ಸಲಿಗೆ ಇರುತ್ತಿತ್ತು. ಅವನು ತಟ್ಟೆಯಿಂದ ಕಣ್ಣೆತ್ತುತ್ತಿರಲಿಲ್ಲ. ಅಂಗಾಲು ತೋರಿಸಿರೆಂದರೆ, “ಕಾಲುಚೀಲನ ನೋಡಾಕತ್ತೈತಿ, ನೀ ಮತ್ತ ಯಾಕ ನೋಡ್ತಿ?” ಎಂದು ಪಾದವನ್ನು ಪಂಚೆಯೊಳಗೆ ಎಳೆದುಕೊಳ್ಳುತ್ತಿದ್ದ.

ಅಷ್ಟರಲ್ಲಿ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಗುಳ್ಳೆಯೆದ್ದು ಒಡೆದಿತ್ತು. ಬರಿಗಾಲಲ್ಲಿ ಕಾದ ಕಲ್ಲು ತುಳಿದದ್ದೋ ಏನೋ. ನೋವಂತೂ ಇರಲಿಲ್ಲ. ಅವನು ಕೆಮ್ಮಣ್ಣು ಕಲಸಿ ಮೆತ್ತಿದ. ಮಣ್ಣು ಒಣಗಿ ಉದುರಿದರೆ ಮತ್ತೆ ಮೆತ್ತಿದ. ಅರಿಶಿನದ ಘಾಟು ಗಾಯದ ವಾಸನೆಯನ್ನೂ ಮುಚ್ಚಿತು.

ಧಾರವಾಡದ ಗೋಡೆಯ ಮೇಲೆ ಮಾತ್ರ ಫಕೀರಪ್ಪನ ಪಾದ ಹಳದಿಯಿಂದ ಹಸಿರಿಗೆ ತಿರುಗಿ ಹಸಿರಾಗಿಯೇ ಉಳಿಯಿತು. ಹೆಜ್ಜೆಯ ತೂಕ ಬೀಳುವ ರೀತಿ ಬದಲಾದದ್ದನ್ನು ಯಂತ್ರ ಗಮನಿಸಿತು. ಗಮನಿಸಿ, ನಡಿಗೆ ಸುಧಾರಿಸಿದೆ ಎಂದು ಬರೆದುಕೊಂಡಿತು. ಮನುಷ್ಯನೇ ಬದಲಾಗಿರಬಹುದೆಂದು ಯೋಚಿಸಲು ಯಾರೂ ಅದಕ್ಕೆ ಕಲಿಸಿರಲಿಲ್ಲ.

ಗದಗಿನಲ್ಲಿ ರೋಗಿಗಳ ಸಭೆ ಸೇರಿದಾಗ ಸುಮಿತ್ರಾ ಧಾರವಾಡದ ಆ ಅಂಗಾಲುಗಳನ್ನು ಅಲ್ಲಿನ ಗೋಡೆಯ ಮೇಲೂ ಮೂಡಿಸಿ, ಎಲ್ಲರೆದುರು ಅವನನ್ನು ಎಬ್ಬಿಸಿ ನಿಲ್ಲಿಸಿದರು. “ಉಸ್ತಾದ್ರ ಕಾಲು ನೋಡ್ರಿ. ಇಷ್ಟು ಚಂದ ಯಾರದೂ ಇಲ್ಲ. ಏನ್ ಮಾಡಿದ್ರಿ ಹೇಳ್ರಿ.”

ಸುಮ್ಮನಿರಬಹುದಿತ್ತು. ಮೆಟ್ಟು ಹಾಕಿದೆ ಎಂದು ಹೇಳಿ ಕುಳಿತಿದ್ದರೂ ಆಗುತ್ತಿತ್ತು. ಆದರೆ ಎಷ್ಟೋ ವರ್ಷಗಳ ಮೇಲೆ ನಾಕು ಮಂದಿ ಅವನ ಮೈಯನ್ನು ಮೆಚ್ಚಿ ನೋಡುತ್ತಿದ್ದರು. ಅವನು ಎದೆ ಸೆಟೆಸಿ, “ಏನಿಲ್ಲ, ಗರಡಿ ಮಣ್ಣು. ದಿನಾ ಹಚ್ಚತೀನಿ. ನಮ್ಮ ಹಿರ್ಯಾರ ಔಷಧ,” ಎಂದ.

ಸುಮಿತ್ರಾ ನಕ್ಕು, “ಮಣ್ಣು ಹಚ್ಚಬ್ಯಾಡ್ರೆಪಾ, ಮೆಟ್ಟು ಹಾಕ್ಕೋರಿ,” ಎಂದರು. ಆದರೆ ಗೋಡೆಯ ಮೇಲಿನ ಹಸಿರು ಅವರ ಮಾತಿಗಿಂತ ಗಟ್ಟಿಯಾಗಿ ಮಾತಾಡಿತ್ತು. ಸಭೆ ಮುಗಿದ ಮೇಲೆ ಒಬ್ಬ ಸಣ್ಣಗಿನ ಹೆಂಗಸು ಅವನ ಬಳಿ ಬಂದಳು. ಬೆಟಗೇರಿಯ ಸಾವಂತ್ರೆವ್ವ, ನೆಲದ ಕುಳಿಯಲ್ಲಿ ಕಾಲು ಇಳಿಬಿಟ್ಟು ಗುಣಿಮಗ್ಗದಲ್ಲಿ ಸೀರೆ ನೇಯುವವಳು. ಇಡೀ ದಿನ ಬರಿಗಾಲಲ್ಲಿ ಮಗ್ಗದ ಮೆಟ್ಟಿಗೆ ತುಳಿಯುವ ಅವಳ ಎಡ ಅಂಗಾಲಿನಲ್ಲಿ ಗಾಯವಾಗಿತ್ತು. ಅವಳ ಪಟ್ಟಿ ಮಗಳು ಗಂಗವ್ವನ ಕಾಲಲ್ಲಿತ್ತು.

“ಉಸ್ತಾದ್ರ, ಒಂದೀಟು ಮಣ್ಣು ನನಗೂ ಕೊಡ್ರಿ. ದವಾಖಾನಿಗೆ ಹೋದ್ರ ಕೊಯ್ತಾರ ಅಂತ ಜೀವ ಹೊಡಕೋತೈತಿ.”

ಅವನು ಅವಳನ್ನು ಗರಡಿಯವರೆಗೆ ಕರೆದುಕೊಂಡು ಹೋಗಿ, ಕಣದ ನಡುವಿನ ಮಣ್ಣನ್ನು ತನ್ನ ಕೈಯಾರೆ ಅಗೆದು ಚೀಲಕ್ಕೆ ತುಂಬಿ ಕೊಟ್ಟ. ಗಂಗವ್ವ ಅಳುಕುತ್ತ, “ಉರಿ ಆದ್ರ ಏನ್ ಮಾಡಬೇಕ್ರೀ?” ಎಂದಳು. “ಉರದ್ರ ಚಲೋನ ಆತಲ್ಲ. ಮಣ್ಣು ವಿಷ ಎಳೀಬೇಕಾದ್ರ ಉರೀತೈತಿ, ತಡಕೋಬೇಕು,” ಎಂದ ಫಕೀರಪ್ಪ.

ಮಳೆಗಾಲ ಕಳೆಯುವ ಹೊತ್ತಿಗೆ ಧಾರವಾಡದಿಂದ ಕರೆ ಬಂತು. ಬೇರೆ ಬೇರೆ ಊರಿನ ವೈದ್ಯರು ಜೋಡಿಕಾಲು ನೋಡಲು ಬರುತ್ತಾರೆ, ಗಂಡಹೆಂಡತಿ ಇಬ್ಬರೂ ಬರಬೇಕು. ಫಕೀರಪ್ಪ ಜ್ವರವೆಂದ, ಗರಡಿಯಲ್ಲಿ ಕೆಲಸವೆಂದ. ಕಸ್ತೂರೆವ್ವ ಆಗಲೇ ಇಳಕಲ್ ಸೀರೆ ತೆಗೆದಿಟ್ಟಿದ್ದಳು. “ನಿಮ್ಮ ಕಾಲಿನ ಸಲುವಾಗಿ ನನಗೂ ಒಂದು ಮರ್ಯಾದಿ ಬಂದೈತಿ, ತಪ್ಪಸಬ್ಯಾಡ್ರಿ,” ಎಂದಳು. ಅವಳ ಆ ಮುಖ ನೋಡಿ ಅವನಿಗೆ ಇಲ್ಲವೆನ್ನಲಾಗಲಿಲ್ಲ. ಕಾಲಿಗೆ ಬಟ್ಟೆ ಬಿಗಿದು, ಮೇಲೊಂದು ಸಾದಾ ಕಾಲುಚೀಲ ಹಾಕಿ, ಹೇಗೋ ನಿಭಾಯಿಸಿದರಾಯಿತು ಎಂದುಕೊಂಡು ಹೊರಟ.

ಕೇಂದ್ರದಲ್ಲಿ ಅದೇ ದೊಡ್ಡ ಕೋಣೆ. ಕುರ್ಚಿಗಳ ತುಂಬ ಮಂದಿ. ಸುಮಿತ್ರಾ ಹೊಸ ಕಾಲುಚೀಲದ ಜೋಡಿಯೊಂದನ್ನು ಅವನ ಕೈಗಿಟ್ಟು, “ಇದನ್ನ ಹಾಕ್ಕೊಂಡು ನಾಕು ಹೆಜ್ಜಿ ನಡೀರಿ. ಇವರಿಗೆ ಗೋಡಿ ಮ್ಯಾಲ ತೋರಸೋಣು,” ಎಂದರು. ಕಸ್ತೂರೆವ್ವ ಎದುರಿನ ಸಾಲಿನಲ್ಲಿ ಕುಳಿತು ಸೆರಗು ಸರಿಮಾಡಿಕೊಂಡಳು. ಪಟ್ಟಿ ಅವಳ ಕಾಲಲ್ಲಿತ್ತು.

ಅವನು ಪರದೆಯ ಹಿಂದೆ ಹೋಗಿ ಬಟ್ಟೆ ಬಿಚ್ಚಿದ. ಓಡಿಹೋಗಲು ಬಾಗಿಲಿತ್ತು. ಓಡಿದರೆ ಕಸ್ತೂರೆವ್ವ ಒಬ್ಬಳೇ ಎಲ್ಲರ ಪ್ರಶ್ನೆಗೆ ಉತ್ತರಿಸುತ್ತ ನಿಲ್ಲಬೇಕಾಗುತ್ತದೆ. ಕಾಲುಚೀಲ ಏರಿಸಿ, ಹೊರಗೆ ಬಂದು, ಬಲಗಾಲಿನ ಮುಂಭಾಗ ಊರದಂತೆ ಹಿಮ್ಮಡಿಯ ಮೇಲೆ ಭಾರ ಹಾಕಿ ಒಂದು ಹೆಜ್ಜೆ ಇಟ್ಟ. ಎರಡನೆಯ ಹೆಜ್ಜೆಗೆ ಸಮತೋಲ ತಪ್ಪಿ ಪಾದ ಪೂರ್ತಿ ನೆಲಕ್ಕೊತ್ತಿತು.

ಕಸ್ತೂರೆವ್ವ ಎರಡೂ ಕೈಯಲ್ಲಿ ತನ್ನ ಕಾಲು ಹಿಡಿದು ಕುರ್ಚಿಯಿಂದ ಕೆಳಗೆ ಬಿದ್ದಳು. ಅವಳ ಬಾಯಿಂದ ಬಂದದ್ದು ಕೂಗಲ್ಲ, ಕರು ಹಾಕುವ ಆಕಳ ದನಿಯಂಥ ಒಂದು ನರಳಾಟ. ಗೋಡೆಯ ಮೇಲಿನ ಹಸಿರು ಪಾದ ಒಂದು ಕ್ಷಣದಲ್ಲಿ ಕೆಂಪಾಗಿ, ಹೆಬ್ಬೆರಳ ಬುಡದಲ್ಲಿ ಕಪ್ಪಾಯಿತು.

ಯಾರೋ ಅವಳ ಪಟ್ಟಿ ಬಿಚ್ಚಿದರು. ಸುಮಿತ್ರಾ ಫಕೀರಪ್ಪನನ್ನು ಕೂಡಿಸಿ ಕಾಲುಚೀಲ ಎಳೆದಾಗ ಮಣ್ಣಿನ ಹೆಂಟೆಯೊಂದು ಕಳಚಿ ಬಿತ್ತು. ಅದರ ಹಿಂದೆ ಬಂದ ವಾಸನೆಗೆ ಮುಂದಿನ ಸಾಲಿನವರು ಕರವಸ್ತ್ರ ತೆಗೆದರು. ಗಾಯ ಎಲುಬಿನವರೆಗೆ ಇಳಿದಿತ್ತು. ಅಷ್ಟು ಜನರ ನಡುವೆ ಅವನ ಅಂಗಾಲು ಬೆಳಕಿಗೆ ತೆರೆದುಕೊಂಡು ಬಿದ್ದಿತ್ತು, ಅವನಿಗೆ ಅದನ್ನು ಮುಚ್ಚಿಕೊಳ್ಳಲು ಪಂಚೆಯ ತುದಿಯೂ ಸಿಗಲಿಲ್ಲ.

ಕಸ್ತೂರೆವ್ವ ನೆಲದ ಮೇಲೆಯೇ ಕುಳಿತು ಆ ಗಾಯವನ್ನು ನೋಡಿದಳು.

“ಇದು ನಿನ್ನೆ ಮೊನ್ನೆದಲ್ಲ,” ಎಂದಳು. “ಹಂಗಾದ್ರ ಇಷ್ಟು ದಿನ ನನ್ನ ಕಾಲಾಗ ನಡದಾಡಿದವರು ಯಾರು?”

ಅವನು ದಸ್ತಗೀರನ ಹೆಸರು ಹೇಳಿದ. ಹೇಳುವಾಗ ಅದು ಎಂಥ ಮಾತೆಂದು ಅವನಿಗೇ ಮೊದಲ ಬಾರಿ ಕೇಳಿಸಿತು. ಅವಳು ಸೀರೆಯ ನಿರಿಗೆಯನ್ನು ಎರಡೂ ಪಾದಗಳ ಮೇಲೆ ಎಳೆದುಕೊಂಡಳು.

ಅವನ ಹೆಬ್ಬೆರಳು, ಪಕ್ಕದ ಬೆರಳು, ಅವುಗಳ ಬುಡದ ಎಲುಬು ತೆಗೆದರು. ಅವನು ಅಂಜಿದಂತೆ ಅದು ಮೇಲೇರಲಿಲ್ಲ; ಸತ್ತ ಭಾಗ ಹೋದ ಮೇಲೆ ಉಳಿದದ್ದು ಕೆಂಪಗೆ ಚಿಗುರತೊಡಗಿತು. ಆಸ್ಪತ್ರೆಯಲ್ಲಿ ಕಸ್ತೂರೆವ್ವ ಊಟ ತಂದಿಟ್ಟು, ಬಟ್ಟೆ ಬದಲಿಸಿ, ಬೆನ್ನು ತಿರುಗಿಸಿ ಕೂಡುತ್ತಿದ್ದಳು. ಒಂದು ದಿನ ಮಾತ್ರ ಅಂದಳು: “ನೀವು ಬ್ಯಾನಿ ಮುಚ್ಚಿಟ್ರಿ, ಅದನ್ನ ಬೇಕಾದ್ರ ಮರೀತೀನಿ. ಆ ನಡಿಗಿ ನಿಮ್ದ ಅಂತ ತಿಳ್ಕೊಂಡು ನಾ ಒಬ್ಬಾಕಿನ ಕುಂತು ನಕ್ಕೀನ್ರಿ. ಅದನ್ನ ಎಲ್ಲಿಡ್ಲಿ?”

ಸಂಜೆ ನರ್ಸ್ ಗಾಯದ ಕಟ್ಟು ಬಿಚ್ಚಿದಾಗ ಫಕೀರಪ್ಪ ಎಂದಿನಂತೆ ಹೊದಿಕೆ ಎಳೆದುಕೊಳ್ಳದೆ ಕಾಲನ್ನು ಹೆಂಡತಿಯ ಕಡೆಗೆ ಚಾಚಿದ. ಅವಳು ಮೊದಲು ನೋಡಲಿಲ್ಲ. ಆಮೇಲೆ ನೋಡಿದಳು.

ಅವನು ಬಿಡುಗಡೆಯಾಗುವ ಮುಂಚೆ ಸುಮಿತ್ರಾ ಬಂದು ಮಂಚದ ಬಳಿ ಕುಳಿತರು. ಅವರ ಕಣ್ಣುಗಳು ನಿದ್ದೆಯಿಲ್ಲದೆ ಊದಿದ್ದವು.

“ಸಾವಂತ್ರೆವ್ವನ ಎಡಗಾಲು ತೆಗದ್ರು. ಮೊಣಕಾಲಿನ ಕೆಳಗ.”

ಅವನು ಎದ್ದು ಕುಳಿತ. “ಆಕಿ ಮಗಳ ಕಾಲಾಗ ಪಟ್ಟಿ ಇತ್ತಲ್ರಿ? ನೋವು ತಿಳಿಲಿಲ್ಲೇನು?”

“ತಿಳೀತು. ಮಣ್ಣು ವಿಷ ಎಳ್ಯಾಕತ್ತೈತಿ ಅಂತ ಹಲ್ಲು ಕಚ್ಚಿ ತಡಕೊಂಡಾಳ ಆ ಹುಡುಗಿ. ನಾ ಫೋನ್ ಮಾಡಿದಾಗೆಲ್ಲ, ಉಸ್ತಾದ್ರು ಹೇಳ್ಯಾರ, ಅವರ ಕಾಲು ವಾಸಿ ಆತಲ್ಲ ಅಂದ್ಲು. ನಾನೂ ಗಟ್ಟಿಯಾಗಿ ಅನಲಿಲ್ಲ, ಉಸ್ತಾದ್ರ. ನಿಮ್ಮ ಹಸಿರು ಪಾದ ನೋಡಿ ನೋಡಿ ನನಗೂ, ಮಣ್ಣಾಗ ಏನರ ಇದ್ದೀತು ಅನಿಸಿಬಿಟ್ಟಿತ್ತು. ಆ ಹಸಿರು ನನಗೂ ಬೇಕಾಗಿತ್ತು. ಅಂಗಾಲು ಅಳೀತೀವಿ, ಅದರ ಬಗ್ಗೆ ಮನಷ್ಯಾ ಏನ್ ನಂಬ್ಯಾನ ಅನ್ನೋದನ್ನ ನಾವು ಯಾರೂ ಕೇಳಲಿಲ್ಲ.”

ಫಕೀರಪ್ಪ ಊರುಗೋಲು ಹಿಡಿದು ನಡೆಯಲು ಕಲಿತ ಕೂಡಲೇ ಮಾಡಿದ ಮೊದಲ ಕೆಲಸ ಬೆಟಗೇರಿಗೆ ಹೋದದ್ದು. ಗರಡಿಯ ಹುಡುಗರು ಆಟೋದವರೆಗೆ ಬಂದು ಅವನ ಕಟ್ಟು ಹಾಕಿದ ಪಾದವನ್ನೇ ನೋಡುತ್ತಿದ್ದರು. “ಸಕ್ಕರಿ ಬ್ಯಾನಿ. ಹತ್ತು ವರ್ಷ ಆತು,” ಎಂದ ಅವನು, ಯಾರೂ ಕೇಳದಿದ್ದರೂ. ಕಸ್ತೂರೆವ್ವ ಜೊತೆಗೆ ಹೊರಟಳು. ನೇಕಾರ ಓಣಿಯ ಬಾಯಲ್ಲಿ ಇಳಿದ ಮೇಲೆ, “ಒಳಗ ನೀವ ಹೋಗ್ರಿ. ನಾ ಇಲ್ಲೇ ಕುಂಡರತೀನಿ,” ಎಂದು ಒಂದು ಕಟ್ಟೆಯ ಮೇಲೆ ಕುಳಿತಳು.

ಬಾಗಿಲು ತೆರೆದ ಗಂಗವ್ವ ಅವನನ್ನು ನೋಡಿ ಹೊಸ್ತಿಲಿಗೆ ಅಡ್ಡ ನಿಂತಳು. “ಇನ್ನೇನು ಕೊಡಾಕ ಬಂದೀರಿ?”

“ಬರ್ಲಿ ಬಿಡು,” ಎಂಬ ದನಿ ಒಳಗಿನಿಂದ ಬಂತು.

ಮಗ್ಗದ ಗುಣಿ ಖಾಲಿಯಿತ್ತು. ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು. ಸಾವಂತ್ರೆವ್ವ ಗೋಡೆಗೊರಗಿ ಕುಳಿತಿದ್ದಳು. ಫಕೀರಪ್ಪ ಗೋಲು ಬದಿಗಿಟ್ಟು, ಪ್ರಯಾಸದಿಂದ ಅವಳೆದುರು ನೆಲದ ಮೇಲೆ ಕುಳಿತ.

“ಅವತ್ತ ಗೋಡಿ ಮ್ಯಾಲ ತೋರಿಸಿದ್ರಲ್ಲ ಅವ್ವಾರ, ಆ ಕಾಲು ನಂದಲ್ಲ. ಗೆಳ್ಯಾಂದು. ನನ್ನ ಕಾಲು ಅವತ್ತೂ ಕೊಳೀತಿತ್ತು. ಗೊತ್ತಿದ್ದೂ ನಿಮಗ ಮಣ್ಣು ಕೊಟ್ಟೆ.”

ಗಂಗವ್ವ ಬಾಗಿಲಲ್ಲಿ ಬಿಕ್ಕಿದಳು.

“ಮಣ್ಣು ನಂಬಿದೆ ಅಂತ ತಿಳ್ಕೊಂಡೀರೇನು?” ಎಂದಳು ಸಾವಂತ್ರೆವ್ವ. “ಮಣ್ಣು ಎಲ್ಲಾ ಕಡೆ ಐತಿ. ನಾ ನಂಬಿದ್ದು ನಿಮ್ಮನ್ನ. ಈಗ ತಪ್ಪಾತು ಅಂದುಬಿಡಬ್ಯಾಡ್ರಿ. ಆ ಮಾತು ಕೇಳಿ ನಾ ಏನ್ ಮಾಡ್ಲಿ?”

ಅವನು ತಪ್ಪಾಯಿತೆನ್ನಲಿಲ್ಲ. ತನ್ನ ಪಾದದ ಕಟ್ಟು ಬಿಚ್ಚಿದ. ಎರಡು ಬೆರಳಿಲ್ಲದ ಆ ಮೊಂಡು ಪಾದವನ್ನು ಕಿಟಕಿಯ ಬೆಳಕಿಗೆ ಹಿಡಿದು ಅವಳಿಗೂ ಅವಳ ಮಗಳಿಗೂ ತೋರಿಸಿದ. ಹೊಲಿಗೆ, ಹೊಸ ಚರ್ಮ, ಇನ್ನೂ ಜಿನುಗುವ ಅಂಚು. ಆಮೇಲೆ ಕೇಳಿದ: “ಆ ಕಾಲು ಯಾರು ನೋಡ್ತಾರ್ರಿ? ಉಳದದ್ದು?”

ಅವಳು ತಟ್ಟನೆ ಸೀರೆಯಂಚನ್ನು ಬಲಗಾಲಿನ ಮೇಲೆ ಎಳೆದುಕೊಂಡಳು. “ಯಾರೂ ನೋಡೂದು ಬ್ಯಾಡ. ಕಾಲುಚೀಲಾನೂ ಬಿಚ್ಚಿ ಒಗದೀವಿ. ನನಗ ಬಗ್ಗಾಕ ಬರಂಗಿಲ್ಲ. ಈಕಿಗೆ ಮುಟ್ಟಸಾಕ ನನಗ ಮನಸಿಲ್ಲ. ಈಕಿ ಅನುಭವಿಸಿದ್ದು ಸಾಕು.”

“ನಾ ನೋಡ್ತೀನಿ.”

“ಗಂಡಸರು ನೀವು.”

“ಹೌದ್ರಿ,” ಎಂದ ಫಕೀರಪ್ಪ. ಕೈ ಚಾಚಲಿಲ್ಲ. ಓಣಿಯಲ್ಲಿ ಯಾರದೋ ಮಗ್ಗ ಲಟಲಟ ಸದ್ದು ಮಾಡುತ್ತಿತ್ತು. ಅದು ನಿಂತಿತು, ಮತ್ತೆ ಶುರುವಾಯಿತು. ಸಾವಂತ್ರೆವ್ವ ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು. ಸೀರೆಯ ಅಂಚು ಮೆಲ್ಲಗೆ ಸರಿದು, ಒಣಗಿ ಬಿರಿದ ಒಂದು ಸಣ್ಣ ಪಾದ ಹೊರಗೆ ಬಂತು.

ಅವನು ಅದನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡ. ಹಿಮ್ಮಡಿ ನೋಡಿದ, ಅಂಗಾಲು ನೋಡಿದ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕಿರುಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ, ನಡುವೆ ಸಾಸಿವೆಯಷ್ಟು ಕಪ್ಪು ಕಂಡಿತು.

“ಗಂಗವ್ವಾ,” ಎಂದು ಕರೆದ, “ಸುಮಿತ್ರಾ ಡಾಕ್ಟರಿಗೆ ಫೋನ್ ಹಚ್ಚವ್ವ. ಈಗ ಹಚ್ಚು. ಇನ್ನೂ ಸಣ್ಣದೈತಿ.”

ಹುಡುಗಿ ಓಡಿದಳು. ಸಾವಂತ್ರೆವ್ವ ಗೋಡೆಯಿಂದ ಮುಖ ತಿರುಗಿಸಿ ಅವನನ್ನು ನೋಡುತ್ತಿದ್ದಳೋ ಇಲ್ಲವೋ ಫಕೀರಪ್ಪನಿಗೆ ಗೊತ್ತಾಗಲಿಲ್ಲ. ಅವನು ಆ ಪಾದವನ್ನು ನೆಲಕ್ಕೆ ತಾಗಗೊಡದೆ ತೊಡೆಯ ಮೇಲಿಟ್ಟುಕೊಂಡು, ತಲೆ ಎತ್ತದೆ ಕುಳಿತಿದ್ದ.